ಹಾರ್ನ್ ಸರಿಯಿದೆ ಅಣ್ಣ

8 ಜನವರಿ

ಟೆಸ್ಟರ್,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲದಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು. ನಿನ್ನ ಬೈಕಿನ ಎಂಜಿನ್ ನಿನ್ನೆ ಲಾರಿಗೆ ಹಾಕಿದೆ. ನಿನ್ನ ಅತ್ತಿಗೆಯ ಹಳೆಯ ಕಂಬಳಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಿದ್ದೇನೆ. ಪಿಸ್ಟನ್ ಹೊಸದು, ರಿಂಗ್ ಹೊಸದು, ಟೈಮಿಂಗ್ ಚೈನೂ ಅದನ್ನು ಬಿಗಿ ಹಿಡಿಯುವ ಟೆನ್ಷನರೂ ಹೊಸವು. ಕಳಿಸುವ ಮುಂಚೆ ಸ್ಟ್ಯಾಂಡಿನ ಮೇಲಿಟ್ಟು ಓಡಿಸಿದೆ. ಸದ್ದೇ ಇಲ್ಲ. ಫ್ರೇಮಿಗೆ ಕೂರಿಸಿ ಒಂದು ಕಿಕ್ ಹೊಡೆ, ಎರಡನೆಯದು ಬೇಕಾದರೆ ನನ್ನ ಹೆಸರು ಬದಲಾಯಿಸಿ ಕರಿ. ಮೇ ತಿಂಗಳಲ್ಲಿ ನಿಮ್ಮ ಹೆಂಗಸರ ಬೈಕ್ ದಂಡು ಗುಡ್ಡದ ರಸ್ತೆ ಹತ್ತುವಾಗ ನೀನೇ ಮುಂದಿರಬೇಕು.

ತಲುಪಿದ ಸುದ್ದಿಯನ್ನು ಫೋನಿನಲ್ಲಿ ಹೇಳಬೇಡ, ಕಾಗದ ಬರಿ. ನಿಮ್ಮೂರಿನ ಲೈನು ಪೂರ್ತಿ ಕೆಟ್ಟಿದೆ. ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ, ಬಾಯಿಗೆ ಹತ್ತಿ ತುರುಕಿಕೊಂಡು ಮಾತಾಡಿದ ಹಾಗೆ. ಅಪ್ಪ ಬಿಡಿಭಾಗದ ಅಂಗಡಿಗಳ ಜೊತೆ ಜನ್ಮವಿಡೀ ಕಾಗದದಲ್ಲೇ ವ್ಯವಹಾರ ಮಾಡಿದರು, ಅವರಿಗೇನೂ ಕಡಿಮೆಯಾಗಲಿಲ್ಲ.

ಈಗ ನಿನ್ನ ಪಾಲಿನ ಒಂದು ಕೆಲಸ. ಅಪ್ಪ ಗ್ಯಾರೇಜಿನ ವಿದ್ಯೆ ಹಂಚುವಾಗ ಎಂಜಿನ್ ನನಗೆ, ವೈರು ನಿನಗೆ ಎಂದರು. ಕೈಯಿಂದ ಟೆಸ್ಟರ್ ಬಿಡದ ನಿನಗೆ ಅದೇ ಹೆಸರಾಯಿತು. ನೀನು ಮದುವೆಯಾಗಿ ಅಷ್ಟು ದೂರ ಹೋಗಿ ಅಲ್ಲೇ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ. ಅಂದಿನಿಂದ ಇಲ್ಲಿನ ವೈರುಗಳೆಲ್ಲ ತಬ್ಬಲಿ. ನನ್ನ ಬೈಕಿನ ಹಾರ್ನ್‌ಗೆ ಜೀವವೇ ಇಲ್ಲ. ಹೊಸದು ತಂದು ಹಾಕಿದೆ, ಅದೂ ನೆಗಡಿ ಹಿಡಿದ ಕೋಳಿಯ ಹಾಗೆ ಕೂಗುತ್ತದೆ. ಬ್ಯಾಟರಿ ಹೊಸದು. ಏನು ಮಾಡಲಿ, ಬರಿ.

ಅತ್ತಿಗೆ ಚೆನ್ನಾಗಿದ್ದಾಳೆ. ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾಳೆ, ಆಡಿದ್ದನ್ನೂ ಅರ್ಧ ನುಂಗಿಕೊಂಡು ಆಡುತ್ತಾಳೆ. ಏನೋ ಬಿಗುಮಾನ ಇರಬೇಕು. ನಾನು ಕೆದಕಲು ಹೋಗಿಲ್ಲ.

ನಿನ್ನ ಅಣ್ಣ


27 ಜನವರಿ

ಅಣ್ಣ,

ನಿನ್ನ ಹೆಸರು ಬದಲಾಯಿಸಬೇಕಾಗಿಲ್ಲ. ಒಂದೇ ಕಿಕ್‌ಗೆ ಎದ್ದಿತು. ರೇಷ್ಮೆ. ಕಾಗದ ತಡವಾಯಿತು, ಅಂಗಡಿಯಲ್ಲಿ ಕೆಲಸ ಜಾಸ್ತಿ.

ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ. ಟೆನ್ಷನರ್ ಕೂರಿಸುವಾಗ ಅದರ ಕೊಕ್ಕೆ ಒಳಗೆ ಸಿಕ್ಕಿಸಿ ಕೂರಿಸುತ್ತೀಯಲ್ಲ, ಆಮೇಲೆ ಆ ಕೊಕ್ಕೆ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ನಿನಗೆ ಹೇಗೆ ಗೊತ್ತಾಗುತ್ತದೆ?

ನಮ್ಮೂರಿನ ಫೋನು ಊರವರ ಜೊತೆಯೆಲ್ಲ ಚೆನ್ನಾಗಿ ಮಾತಾಡುತ್ತದೆ. ನಿನ್ನೊಬ್ಬನ ಮೇಲೆಯೇ ಅದಕ್ಕೇನು ಮುನಿಸೋ ಕಾಣೆ. ಇರಲಿ, ಕಾಗದವೇ ಆಗಲಿ. ನಿನ್ನ ಕೊಕ್ಕರೆಕಾಲಿನ ಅಕ್ಷರ ಓದಿ ನನಗೂ ನಗು ಬರುತ್ತದೆ.

ಹಾರ್ನ್ ವಿಷಯ. ಹಾರ್ನ್ ಬದಲಿಸುವವನು ದಡ್ಡ, ಮೊದಲು ದಾರಿ ನೋಡಬೇಕು. ನಿನ್ನ ಬೈಕಿನಲ್ಲಿ ಹಾರ್ನಿನ ಕರೆಂಟೆಲ್ಲ ಹ್ಯಾಂಡಲ್ಲಿನ ಗುಂಡಿಯ ಮೂಲಕ ಹೋಗಿ ಬರಬೇಕು. ಕೂದಲಿನಂಥ ವೈರು, ತುಕ್ಕು ಹಿಡಿದ ಗುಂಡಿ. ಹಾರ್ನ್ ತಲುಪುವ ಹೊತ್ತಿಗೆ ಅರ್ಧ ಕರೆಂಟು ದಾರಿಯಲ್ಲೇ ಸುಸ್ತು. ಅದಕ್ಕೆ ರಿಲೇ ಹಾಕು, ದಪ್ಪ ಕರೆಂಟಿಗೆ ಬೇರೆ ದಾರಿ ಬಿಡುವ ಪುಟ್ಟ ಸ್ವಿಚ್ಚು ಅದು. ಬ್ಯಾಟರಿಯ ಪಾಸಿಟಿವ್‌ನಿಂದ ದಪ್ಪ ವೈರು ಎಳೆದು ರಿಲೇಯ 30 ನಂಬರಿನ ಕಾಲಿಗೆ ಕೊಡು, 87ರಿಂದ ಹಾರ್ನಿಗೆ. ಹಾರ್ನಿನ ಇನ್ನೊಂದು ಕಾಲನ್ನು ಫ್ರೇಮಿಗೆ ಕಟ್ಟಬೇಡ, ನೇರ ಬ್ಯಾಟರಿಯ ನೆಗೆಟಿವ್‌ಗೆ ತಾ. ಹಳೆಯ ಹಾರ್ನಿಗೆ ಬರುತ್ತಿದ್ದ ಎರಡು ವೈರುಗಳನ್ನು 85, 86ಕ್ಕೆ ಕೊಡು. ಇನ್ನು ಮುಂದೆ ಗುಂಡಿಯ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೇ.

ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕು, ಹದಿನೈದು ಆಂಪಿನದು. ಫ್ಯೂಸ್ ಇಲ್ಲದ ಕಡೆ ವೈರೇ ಫ್ಯೂಸು, ಅದರ ಮೇಲಿರುವುದು ಪೆಟ್ರೋಲ್ ಟ್ಯಾಂಕು. ನೀನು ಇದನ್ನು ಓದಿ 'ಆಮೇಲೆ ಹಾಕಿದರಾಯಿತು' ಎನ್ನುತ್ತೀಯ ಎಂದು ಗೊತ್ತು. ಈಗಲೇ ಹಾಕು.

ಅತ್ತಿಗೆಯನ್ನು ಕೆದಕು. ಅವರು ಬಿಗುಮಾನದ ಹೆಂಗಸಲ್ಲ.

ನಿನ್ನ ತಂಗಿ


19 ಫೆಬ್ರವರಿ

ಟೆಸ್ಟರ್,

ಹೇಳಿದ ಹಾಗೆಯೇ ಮಾಡಿದೆ, ಫ್ಯೂಸೂ ಹಾಕಿದೆ. ಒಂದರ ಬದಲು ಎರಡು ಹಾರ್ನ್ ಹಾಕಿದೆ, ಒಂದು ಸಣ್ಣ ದನಿಯದು, ಒಂದು ದಪ್ಪ ದನಿಯದು. ದಪ್ಪ ದನಿಯದು ಪರವಾಗಿಲ್ಲ. ಸಣ್ಣದು ಇದೆಯೋ ಇಲ್ಲವೋ ಅನ್ನಿಸುತ್ತದೆ. ನಿನ್ನ ರಿಲೇ ವಿದ್ಯೆ ನಮ್ಮೂರಿನ ನೀರಿಗೆ ಒಗ್ಗಲಿಲ್ಲವೇನೋ.

ಇದರ ಮಧ್ಯೆ ಎದುರು ಅಂಗಡಿಯ ದರ್ಜಿಯ ಕಾಟ. ನಾನು ಒತ್ತಿ ನೋಡುತ್ತಿದ್ದಾಗ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಓಡಿ ಬಂದು, ಕತ್ತರಿ ಜಾರಿ ಯಾರದೋ ಮದುವೆಯ ಕೋಟಿನ ತೋಳು ಹೋಯಿತು, ಊರು ಬಿಡಿಸುತ್ತೀಯಾ ಎಂದು ಬಾಯಿಗೆ ಬಂದ ಹಾಗೆ ಬೈದ. ಅವನದು ಮೊದಲಿನಿಂದಲೂ ನಾಜೂಕು ಜೀವ. ಸೂಜಿ ಬಿದ್ದರೂ ಬೆಚ್ಚುವವನು.

ಟೆನ್ಷನರ್ ಬಗ್ಗೆ ಕೇಳಿದ್ದೀಯ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಬೆಳೆದು ಇದೆಂಥ ಪ್ರಶ್ನೆ? ಕೊಕ್ಕೆ ಬಿಟ್ಟುಕೊಂಡಾಗ ಟಕ್ ಎನ್ನುತ್ತದೆ. ಕಿವಿ ಇದ್ದವನಿಗೆ ಕೇಳುತ್ತದೆ. ನಾನು ಸ್ಪ್ರಿಂಗ್ ಹಾಕಿ ಬೋಲ್ಟ್ ತಿರುಗಿಸುವುದು, ಅದು ಟಕ್ ಎನ್ನುವುದು, ಎರಡೂ ಕೂಡಿಯೇ ಆಗುತ್ತವೆ. ಈಗೀಗ ಅದನ್ನು ಕಾಯುವುದೂ ಇಲ್ಲ, ಕೈಗೆ ಅಷ್ಟು ಅಭ್ಯಾಸವಾಗಿದೆ.

ಫೋಟೋ ಸ್ಟುಡಿಯೋದವನ ಎಂಜಿನ್ ನಾನು ಮಾಡಿಕೊಟ್ಟು ತಿಂಗಳಾಗಿತ್ತು. ಮೊನ್ನೆ ದಾರಿಯಲ್ಲಿ ಟೈಮಿಂಗ್ ಚೈನ್ ಹಲ್ಲು ಹಾರಿ ವಾಲ್ವ್ ಬಾಗಿ ನಿಂತಿತು. ಪುಣ್ಯಕ್ಕೆ ಸಂತೆಬೀದಿಯಲ್ಲಿ ನಿಧಾನವಾಗಿ ಹೋಗುತ್ತಿದ್ದನಂತೆ. ಎಣ್ಣೆ ನೋಡದೆ ಓಡಿಸಿದರೆ ಇನ್ನೇನಾಗುತ್ತದೆ, ಬೈದು ಕಳಿಸಿದೆ.

ಈಗ ನರ್ಸಮ್ಮನ ಬೈಕು ಬಂದಿದೆ. ಗುಡ್ಡದ ಆಚೆ ಬದಿಯ ಊರುಗಳಿಗೆ ದಿನಾ ಒಬ್ಬರೇ ಹೋಗಿ ಬರುತ್ತಾರಲ್ಲ, ಅವರದೇ. ಇಳಿಜಾರು, ತಿರುವು, ಮೈಲಿಗಟ್ಟಲೆ ಜನರಿಲ್ಲ. ನಿಮ್ಮ ಕೈ ಬಿಟ್ಟರೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಬಿಟ್ಟು ಹೋಗಿದ್ದಾರೆ. ಪೂರ್ತಿ ಎಂಜಿನ್ ಬಿಚ್ಚುತ್ತಿದ್ದೇನೆ.

ನಿನ್ನ ಅಣ್ಣ


5 ಮಾರ್ಚ್

ಅಣ್ಣ,

ದರ್ಜಿಯ ಕಥೆ ಓದಿ ಮೊದಲು ನಕ್ಕೆ. ಇನ್ನೊಮ್ಮೆ ಓದಿದಾಗ ನಗು ಬರಲಿಲ್ಲ.

ಎರಡು ಅಳತೆ ಬೇಕು, ಅಂದಾಜು ಬೇಡ. ಮೀಟರನ್ನು ವೋಲ್ಟ್‌ಗೆ ಇಟ್ಟು, ಹಾರ್ನಿನ ಎರಡು ಕಾಲಿಗೇ ಹಿಡಿದು, ಗುಂಡಿ ಒತ್ತಿ ಓದು. ಬ್ಯಾಟರಿಯ ಹತ್ತಿರ ಅಳೆದು 'ಸರಿಯಿದೆ' ಎನ್ನಬೇಡ, ಅದು ಅಡುಗೆಮನೆಯಲ್ಲಿ ಅನ್ನ ಇದೆ ಎಂದ ಮಾತ್ರಕ್ಕೆ ಹೊಟ್ಟೆ ತುಂಬಿತು ಎಂದ ಹಾಗೆ. ಆಮೇಲೆ ಆಂಪ್ ನೋಡು. ಅದಕ್ಕೆ ಮೀಟರಿನ ಕೆಂಪು ವೈರನ್ನು 10A ಎಂದು ಬರೆದ ತೂತಿಗೆ ಬದಲಿಸು, ಫ್ಯೂಸ್ ತೆಗೆದು ಆ ಜಾಗದಲ್ಲಿ ಮೀಟರ್ ಸೇರಿಸು. ಗುಂಡಿ ಒತ್ತಿ, ಓದಿ, ಬಿಟ್ಟುಬಿಡು. ಮುಗಿದ ಮೇಲೆ ಕೆಂಪು ವೈರನ್ನು ಮೊದಲಿನ ತೂತಿಗೆ ಹಾಕಲು ಮರೆಯಬೇಡ, ಇಲ್ಲವಾದರೆ ಮುಂದಿನ ಸಲ ಬ್ಯಾಟರಿಗೆ ಮುಟ್ಟಿಸಿದಾಗ ಕಿಡಿ ಹಾರುತ್ತದೆ.

ಇನ್ನೊಂದು. ಸ್ಟುಡಿಯೋದವರ ಬೈಕು ನಿನ್ನ ಅಂಗಡಿಯಿಂದ ಹೊರಟ ದಿನ ಎಂಜಿನ್ ಸದ್ದು ಹೇಗಿತ್ತು?

ನಿನ್ನ ತಂಗಿ


14 ಮಾರ್ಚ್

ಟೆಸ್ಟರ್,

ಹಾರ್ನಿನ ಕಾಲಿಗೆ ಹನ್ನೆರಡು ವೋಲ್ಟ್ ಬರುತ್ತಿದೆ. ಆಂಪ್ ಏಳು, ಎರಡೂ ಸೇರಿ. ಮೀಟರ್ ಸುಳ್ಳು ಹೇಳುತ್ತಿದೆ, ಹೊಸದು ತರಬೇಕು.

ಸ್ಟುಡಿಯೋದವನ ಎಂಜಿನ್ ಮಲಗಿದ ಮಗುವಿನ ಹಾಗಿತ್ತು. ನೀನು ಯಾಕೆ ಪೊಲೀಸರ ಹಾಗೆ ಕೇಳುತ್ತಿದ್ದೀಯ?

ನರ್ಸಮ್ಮನ ಎಂಜಿನ್ ಮುಗಿಯಿತು, ಅದಕ್ಕೂ ಸದ್ದಿಲ್ಲ. ತಿಂಗಳ ಕೊನೆಗೆ ಒಯ್ಯುತ್ತಾರೆ.

ಅಣ್ಣ


18 ಮಾರ್ಚ್

ಅಣ್ಣ,

ಈ ಕಾಗದವನ್ನು ಅಂಗಡಿಯಲ್ಲಿ ನಿಂತು ಓದಬೇಡ. ಒಳಗೆ ಹೋಗಿ ಕೂತು ಓದು.

ಮೀಟರ್ ಸುಳ್ಳು ಹೇಳುತ್ತಿಲ್ಲ. ಹಾರ್ನಿನ ಬಾಯಿಗೇ ಹನ್ನೆರಡು ವೋಲ್ಟ್ ಬಂದು, ಏಳು ಆಂಪ್ ಒಳಗೆ ಹೋಗುತ್ತಿದ್ದರೆ ಅದು ಕೂಗಲೇಬೇಕು. ಕರೆಂಟಿಗೆ ನಟನೆ ಬರುವುದಿಲ್ಲ. ದರ್ಜಿಯವರ ಕತ್ತರಿ ಜಾರುವಷ್ಟು ಅದು ಕೂಗುತ್ತಿದೆ. ಹಾರ್ನ್ ಸರಿಯಿದೆ ಅಣ್ಣ. ಫೋನ್ ಲೈನೂ ಸರಿಯಿದೆ. ಸರಿಯಿಲ್ಲದಿರುವುದು ನಿನ್ನ ಕಿವಿ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ನೀನು ಕಳಿಸಿದ ಎಂಜಿನ್ ರೇಷ್ಮೆಯಾಗಿರಲಿಲ್ಲ. ಮೊದಲ ಕಿಕ್‌ಗೆ ಎದ್ದದ್ದು ನಿಜ, ಎದ್ದ ಕೂಡಲೇ ಎಡಬದಿಯಲ್ಲಿ ಚೈನ್ ಕಟಕಟ ಎಂದು ಹೊಡೆದುಕೊಳ್ಳುತ್ತಿತ್ತು. ನನ್ನ ಯಜಮಾನರು ಮನೆಯೊಳಗಿನಿಂದ ಕೇಳಿ ಹೊರಗೆ ಬಂದರು. ನಾನು ಬಿಚ್ಚಿದೆ. ಟೆನ್ಷನರ್ ಕೊಕ್ಕೆ ಬಿಟ್ಟೇ ಇರಲಿಲ್ಲ, ಒಳಗೆ ಸಿಕ್ಕಿಕೊಂಡೇ ಇತ್ತು, ಅದಕ್ಕೇ ಚೈನು ಸಡಿಲ. ನಾನೇ ಬಿಡಿಸಿ ಕಟ್ಟಿದೆ. ಬೀದಿಯ ಕೊನೆಯಲ್ಲಿ ಬರುವ ಬೈಕಿನ ಕಾಯಿಲೆಯನ್ನು ಕೂತಲ್ಲೇ ಹೇಳುತ್ತಿದ್ದ ಅಣ್ಣನಿಗೆ 'ನಿನ್ನ ಎಂಜಿನ್ ತಪ್ಪಾಗಿದೆ' ಎಂದು ಬರೆಯಲು ನನ್ನ ಕೈ ಬರಲಿಲ್ಲ. ಒಂದು ಸಲ ಯಾರಿಗಾದರೂ ಆಗುತ್ತದೆ ಎಂದುಕೊಂಡೆ. ಆಮೇಲೆ ಸ್ಟುಡಿಯೋದವರ ಚೈನ್ ಹಾರಿತು ಎಂದು ನೀನು ಬರೆದೆ. ಅದಕ್ಕೇ ಅದರ ಸದ್ದು ಹೇಗಿತ್ತು ಎಂದು ಕೇಳಿದೆ.

ಆ ಟಕ್ ಸಣ್ಣ ಸದ್ದು. ಅದು ನಿನಗೆ ಕೇಳುತ್ತಿಲ್ಲ. ಅಭ್ಯಾಸದ ಮೇಲೆ ಕೇಳಿದೆ ಎಂದುಕೊಂಡು ಮುಚ್ಚುತ್ತಿದ್ದೀಯ. ನರ್ಸಮ್ಮನ ಬೈಕಿನಲ್ಲೂ ಹಾಗೇ ಆಗಿರಬಹುದು. ಆ ಇಳಿಜಾರಿನಲ್ಲಿ ಚೈನ್ ಹಾರಿ ಎಂಜಿನ್ ಹಿಡಿದುಕೊಂಡರೆ ಹಿಂದಿನ ಚಕ್ರವೂ ಹಿಡಿದುಕೊಳ್ಳುತ್ತದೆ. ಮುಂದಿನದನ್ನು ನಾನು ಬರೆಯುವುದಿಲ್ಲ. ಬೇರೆ ಯಾರಾದರೂ ಕಿವಿಗೊಟ್ಟು ಕೇಳುವವರೆಗೆ ಆ ಬೈಕು ಕೊಡಬೇಡ. ಪ್ಲಗ್ಗಿನ ಬದಿಯ ಮುಚ್ಚಳ ತೆಗೆದು ಚೈನನ್ನು ಬೆರಳಿನಲ್ಲಿ ಒತ್ತಿ ನೋಡು. ಸಡಿಲವಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ತಂಗಿ


23 ಮಾರ್ಚ್

ನಾನು ಕಟ್ಟಿದ ಎಂಜಿನ್ ನೀನು ಬಿಚ್ಚಿದೆ. ಬಿಚ್ಚಿ 'ರೇಷ್ಮೆ' ಎಂದು ಬರೆದೆ. ಸ್ಟುಡಿಯೋದವನಿಗೆ ನಾನು ಬೈಯುವಾಗ ನಿನಗೆ ಗೊತ್ತಿತ್ತು. ಜನವರಿಯಲ್ಲೇ ಹೇಳಿದ್ದರೆ ಅವನ ವಾಲ್ವ್ ಬಾಗುತ್ತಿರಲಿಲ್ಲ.

ನನ್ನ ಕಿವಿಯ ವಿಷಯ ನನಗೆ ಬಿಡು. ಇನ್ನು ಕಾಗದ ಬೇಡ.


2 ಏಪ್ರಿಲ್

ಅಣ್ಣ,

ಬೇಡ ಎಂದರೂ ಬರೆಯುತ್ತೇನೆ, ನೀನು ಬೇಡ ಎಂದದ್ದನ್ನು ನಾನು ಯಾವಾಗ ಬಿಟ್ಟಿದ್ದೇನೆ.

'ರೇಷ್ಮೆ' ಎಂದು ಬರೆದದ್ದಕ್ಕೆ ತಪ್ಪಾಯಿತು. ನಿನ್ನ ಮರ್ಯಾದೆ ಉಳಿಸುತ್ತೇನೆ ಎಂದು ಹೋಗಿ ನಿನ್ನ ಕೆಲಸಕ್ಕೇ ಮೋಸ ಮಾಡಿದೆ. ಅದಕ್ಕೆ ನೀನು ಎಷ್ಟು ಬೈದರೂ ಸರಿ. ಕಿವಿಯ ಬಗ್ಗೆ ಬರೆದದ್ದಕ್ಕೆ ಮಾತ್ರ ತಪ್ಪಾಯಿತು ಎನ್ನುವುದಿಲ್ಲ. ಅದು ಸರಿಯಾದ ಅಳತೆ.

ನಿನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ನಿನಗಿದೆ, ನನಗೂ ಇದೆ. ಅದನ್ನು ಆಮೇಲೆ ನೋಡೋಣ. ನರ್ಸಮ್ಮನ ಬೈಕು ಹೋಯಿತೋ ಇಲ್ಲವೋ, ಅದೊಂದು ಬರಿ. ಒಂದು ಸಾಲು ಸಾಕು.

ನಿನ್ನ ತಂಗಿ


26 ಏಪ್ರಿಲ್

ಟೆಸ್ಟರ್,

ಒಂದು ಸಾಲು ಸಾಕು ಎಂದೆ. ನನಗೆ ಸಾಲದು. ನೀನು ಕೇಳಿದ್ದನ್ನು ಕೊನೆಗಿಟ್ಟುಕೊಂಡಿದ್ದೇನೆ, ಅವಸರಪಟ್ಟು ಕೆಳಗೆ ಓದಬೇಡ.

ನಿನ್ನ ಮಾರ್ಚಿನ ಕಾಗದ ಬಂದ ದಿನ ನಿನ್ನನ್ನು ಬೈದು ಬರೆದೆ, ಡಬ್ಬಿಗೆ ಹಾಕಿದೆ. ಹಾಕಿ ಬಂದ ಮೇಲೆ ಬೈಕಿನ ಮುಂದೆ ನಿಂತು ಹಾರ್ನ್ ಒತ್ತಿದೆ. ಈ ಸಲ ಹಾರ್ನನ್ನು ಕೇಳಲಿಲ್ಲ, ಬೀದಿಯನ್ನು ನೋಡಿದೆ. ದರ್ಜಿ ಎರಡೂ ಕಿವಿ ಮುಚ್ಚಿಕೊಂಡ. ಬೀದಿಯ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಹೂವಿನಂಗಡಿಯ ಮುದುಕಿ ಎದೆ ಹಿಡಿದುಕೊಂಡಳು. ನನಗೆ ಕೇಳಿದ್ದು ದೂರದ ಒಂದು ಗೊರ್ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಮೂರು ತಿಂಗಳು ಹಾರ್ನ್ ಡೊಂಕು ಎಂದೆ. ಒಳಗೆ ಹೋಗಿ ಕೂತುಬಿಟ್ಟೆ.

ನಿನ್ನ ಅತ್ತಿಗೆ ಬಂದು ಎದುರು ಕೂತಳು. ನನಗೆ ಕಿವಿ ಕೇಳುವುದಿಲ್ಲ ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ನಿಧಾನವಾಗಿ ಹೇಳಿದಳು. "ಗೊತ್ತಿರ್ಲಿಲ್ಲ. ಏನ್ ಕೇಳಿದ್ರೂ ನೀವು ಜೋರಾಗಿ ಕೂಗ್ತಿದ್ರಿ. ನನ್ನ ಮೇಲೆ ಬೇಜಾರಾಗಿದೆ ಅಂದ್ಕೊಂಡೆ. ಅದಕ್ಕೇ ಮಾತು ಬಿಟ್ಟೆ."

ಅವಳಿಗೆ ಬಿಗುಮಾನ ಎಂದು ನಾನು, ನನಗೆ ಕೋಪ ಎಂದು ಅವಳು. ಒಂದೇ ಮನೆಯಲ್ಲಿ ಹೀಗೆ ತಿಂಗಳುಗಟ್ಟಲೆ ಇದ್ದೆವು ನೋಡು. ನನಗೆ ಅಳು ಬಂತು, ಅತ್ತುಬಿಟ್ಟೆ. ಬರೆಯಲು ನಾಚಿಕೆಯೇನಿಲ್ಲ.

ಏಪ್ರಿಲ್ ತಿಂಗಳಲ್ಲಿ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೇಳಿದಾಗ ಗುಂಡಿ ಒತ್ತಿ ಎಂದರು. ನಾನು ಒತ್ತದೆ ಕೂತೇ ಇದ್ದೆ, ಇನ್ನೂ ಶುರು ಮಾಡಿಲ್ಲ ಎಂದುಕೊಂಡು. ಅವರು ಆಗಲೇ ಅರ್ಧ ಮುಗಿಸಿದ್ದರಂತೆ. ಕೊನೆಗೆ ಒಂದು ಗೆರೆ ಎಳೆದ ಚೀಟಿ ಕೊಟ್ಟರು. ದಪ್ಪ ಸದ್ದಿನ ಕಡೆ ಗೆರೆ ಚೆನ್ನಾಗಿದೆ, ಸಣ್ಣ ಸದ್ದಿನ ಕಡೆ ಹಳ್ಳಕ್ಕೆ ಬಿದ್ದಿದೆ. ಸುತ್ತಿಗೆ, ಸೈಲೆನ್ಸರ್ ಇಲ್ಲದ ಎಂಜಿನ್‌ಗಳು, ಇಷ್ಟು ವರ್ಷ ಕಿವಿಗೆ ಏನೂ ಕಟ್ಟಿಕೊಳ್ಳದೆ ಕೂತ ಫಲ. ಹೋದದ್ದು ಬರುವುದಿಲ್ಲವಂತೆ. ಮೆಷೀನು ಕೊಟ್ಟಿದ್ದಾರೆ. ಮಾತು ಚೆನ್ನಾಗಿ ಕೇಳುತ್ತದೆ. ಎಂಜಿನ್ ಮುಂದೆ ಹೋದರೆ ಎಲ್ಲವೂ ಒಟ್ಟಿಗೆ ಗಲಾಟೆ, ಯಾವುದು ವಾಲ್ವ್ ತಟ್ಟುವ ಟ್ಯಾಪೆಟ್ ಯಾವುದು ಚೈನ್ ಎಂದು ಬೇರೆ ಮಾಡಲಾಗುವುದಿಲ್ಲ. ಆ ಕಿವಿ ಇನ್ನಿಲ್ಲ. ಅದನ್ನು ಬರೆಯಲು ಕಷ್ಟ, ಬರೆದಿದ್ದೇನೆ. ಟ್ಯಾಪೆಟ್‌ಗೆ ಈಗ ಕಿವಿಯ ಬದಲು ಅಳತೆಯ ಗೇಜ್ ಹಾಕುತ್ತಿದ್ದೇನೆ, ನೀನು ಎಷ್ಟು ಗ್ಯಾಪ್ ಇಡುತ್ತೀಯ, ಒಂದು ಚೀಟಿಯಲ್ಲಿ ಬರೆದು ಕಳಿಸು. ಸ್ಟುಡಿಯೋದವನ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿ ಬೈಕು ತಂದಿದ್ದೇನೆ. ಅವನು ಬಾಗಿಲಲ್ಲೇ ಬಹಳ ಮಾತಾಡಿದ. ಆಗ ಮೆಷೀನು ಇನ್ನೂ ಬಂದಿರಲಿಲ್ಲ, ಅದೊಂದು ಅನುಕೂಲವಾಯಿತು.

ಈಗ ನರ್ಸಮ್ಮ. ಮಾರ್ಚ್ ಕೊನೆಯ ದಿನ ಬೆಳಿಗ್ಗೆ ಬಂದರು. ನಿನ್ನ ಮೇಲೆ ನನಗೆ ಕೋಪ ಇಳಿದಿರಲಿಲ್ಲ. ಮುಚ್ಚಳ ತೆಗೆದು ಬೆರಳು ಹಾಕಿ ನೋಡಿರಲೂ ಇಲ್ಲ, ಹಟ. ಹೊರಗೆ ಇನ್ನೂ ನಾಲ್ಕೈದು ಗಿರಾಕಿಗಳು ನಿಂತಿದ್ದರು. ಬೈಕು ಶುರು ಮಾಡಿದೆ. ನಿನಗೆ ಗೊತ್ತಲ್ಲ, ನಾನು ತಲೆ ವಾಲಿಸಿ ಕೇಳಿ, ಒಂದು ಸಲ ತಲೆಯಾಡಿಸಿದರೆ ಗಿರಾಕಿ ಕೀಲಿ ಹಿಡಿದು ಹೊರಡುವುದು. ಆ ತಲೆಯಾಡಿಸುವುದೇ ನಮ್ಮ ಗ್ಯಾರಂಟಿ, ಅಪ್ಪನ ಕಾಲದಿಂದ. ನರ್ಸಮ್ಮ ಔಷಧದ ಚೀಲ ಬೆನ್ನಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ತಲೆ ವಾಲಿಸಿದೆ. ಮೆತ್ತಗಿನ ಗುಡುಗುಡು ಬಿಟ್ಟು ಏನೂ ಕೇಳಲಿಲ್ಲ. ಎಷ್ಟು ಇಂಪಾಗಿತ್ತು ಎಂದರೆ ನನಗೇ ಹೆದರಿಕೆಯಾಯಿತು.

ತಲೆಯಾಡಿಸಲು ಆಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನನ್ನ ಕಿವಿಗೆ ಇದು ಸರಿಯಾಗಿದೆ ಅಮ್ಮ. ಆದ್ರೆ ನನ್ನ ಕಿವೀನೇ ಸರಿಯಿಲ್ಲ. ಸ್ವಲ್ಪ ನಿಲ್ಲಿ, ಇವಳು ಕೇಳ್ಲಿ."

ನಿನ್ನ ಅತ್ತಿಗೆಯನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗ್ಯಾರೇಜಿನ ಗೋಡೆಗೆ ಅಂಟಿದ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವಳು, ನನ್ನ ಕೈಯಿಂದ ಹೋದ ಒಂದೊಂದು ಎಂಜಿನ್ನಿನ ಸದ್ದೂ ಅವಳ ಕಿವಿಗೆ ಬಿದ್ದಿದೆ. ನಾನು ಒಂದು ದಿನವೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು. ಅವಳು ಬಗ್ಗಿ ಕೇಳಿ, "ಎಡಗಡೆ ಮೇಲೆ, ಖಾಲಿ ಡಬ್ಬೀಲಿ ಗುಂಡಿ ಅಲ್ಲಾಡ್ಸಿದ ಹಾಗಿದೆ. ಮೊದ್ಲೆಲ್ಲ ಹೀಗಿರ್ತಿರ್ಲಿಲ್ಲ" ಎಂದಳು.

ಎಂಜಿನ್ ನಿಲ್ಲಿಸಿದೆ. ನರ್ಸಮ್ಮ ಇವತ್ತು ಹೋಗಲೇಬೇಕು, ಜನ ಕಾಯುತ್ತಿರುತ್ತಾರೆ ಎಂದರು. ಈ ಬೈಕು ಕೊಡುವುದಿಲ್ಲ, ನನ್ನದು ತೆಗೆದುಕೊಂಡು ಹೋಗಿ ಎಂದೆ. ಹಾರ್ನ್ ಒತ್ತುವಾಗ ಹುಷಾರು ಎಂದು ಹೇಳಲು ಮರೆತೆ. ತಿರುವಿನಲ್ಲಿ ಒತ್ತಿ ತಾವೇ ಬೈಕಿನಿಂದ ಬೀಳುವುದರಲ್ಲಿದ್ದರಂತೆ.

ಬಿಚ್ಚಿದಾಗ ಕೊಕ್ಕೆ ಒಳಗೇ ಇತ್ತು. ನೀನು ಹೇಳಿದ ಹಾಗೆ ಚೈನಿಗೆ ಬೆರಳು ಒತ್ತಿ ನೋಡಿದೆ, ಹಳೆಯ ಹಗ್ಗದ ಹಾಗೆ ಜೋತುಬಿದ್ದಿತ್ತು. ಕೊಕ್ಕೆ ಬಿಡಿಸಿ, ಚೈನ್ ಬಿಗಿಯಾದದ್ದನ್ನು ಬೆರಳಿನಲ್ಲೇ ನೋಡಿ ಕಟ್ಟಿದೆ. ಗಿರಾಕಿಗಳಲ್ಲಿ ಇಬ್ಬರು ಬೈಕು ವಾಪಸ್ ತೆಗೆದುಕೊಂಡು ಹೋದರು. ಉಳಿದವರು ನಿಂತು ನೋಡುತ್ತಿದ್ದರು.

ಮರುದಿನ ನರ್ಸಮ್ಮ ಬಂದರು. ಶುರು ಮಾಡಿದೆ. ಈ ಸಲ ನಾನು ತಲೆ ವಾಲಿಸಲಿಲ್ಲ, ಪಕ್ಕಕ್ಕೆ ಸರಿದು ನಿಂತೆ. ನಿನ್ನ ಅತ್ತಿಗೆ ಎಡಗಡೆ ಬಗ್ಗಿದಳು, ಬಲಗಡೆ ಬಗ್ಗಿದಳು, ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಸರ ಮಾಡಲೇ ಇಲ್ಲ. ಇಷ್ಟು ವರ್ಷ ನನ್ನ ಮುಂದೆ ನಿಂತ ಗಿರಾಕಿಗಳ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂದು ಆಗ ಗೊತ್ತಾಯಿತು ನನಗೆ. ನಾನು, ನರ್ಸಮ್ಮ, ಎದುರು ಅಂಗಡಿಯ ದರ್ಜಿ, ಎಲ್ಲರೂ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದೆವು.

ಅವಳು ಕಣ್ಣು ಬಿಟ್ಟು ಒಂದು ಸಲ ತಲೆಯಾಡಿಸಿದಳು. ನರ್ಸಮ್ಮ ಹೊರಟರು.

ನಿನ್ನ ಅಣ್ಣ